ಇಂದಕ್ಕನ ಬಾಯಿಯ ಒಣ ಅಕ್ಕಿ

ಇಂದಕ್ಕಾ,

ನಿನ್ನ ನೆಗೆಣ್ಣಿ, ನಿನ್ನ ಮೈದುನನ ಹೆಂಡತಿ ಪದ್ಮಾ ಬರೆಯುತ್ತಿದ್ದೇನೆ, ಶಹಾಬಾದಿನಿಂದ. ನೀನು ಹೋಗಿ ಎಂಟು ವರ್ಷವಾದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ನೀನಿದ್ದಾಗ ಒಂದು ಸಾಲೂ ಬರೆದವಳಲ್ಲ. ಒಂದೇ ಒಲೆಯ ಎರಡು ಬದಿಗೆ ಕೂತವರು ಏನಂತ ಬರೆಯುವುದು? ಮಾತೇ ನೆಟ್ಟಗೆ ಆಡುತ್ತಿರಲಿಲ್ಲ. ನನಗೆ ಸಿಟ್ಟು ಬಂದ ದಿನ ನನ್ನ ಪರವಾಗಿ ಪಾತ್ರೆಗಳೇ ಮಾತಾಡುತ್ತಿದ್ದವು, ಓಣಿಯ ತುದಿಗೂ ಕೇಳುವಂತೆ. ಮೊದಲೇ ಹೇಳಿಬಿಡುತ್ತೇನೆ, ಇದು ಅಳುವ ಕಾಗದವಲ್ಲ. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ ಜನ. ಅವರಿಗೆ ನಿನ್ನಂಥ ನೆಗೆಣ್ಣಿ ಇರಲಿಲ್ಲ, ಅದಕ್ಕೇ ಹಾಗೆನ್ನುತ್ತಾರೆ.

ನಾನು ಚಿತ್ತಾಪುರದಿಂದ ಮದುವೆಯಾಗಿ ಸೇಡಂನ ಆ ಫರಸಿ ಕಲ್ಲು ಹಾಸಿದ ಮನೆಗೆ ಬಂದ ಮೊದಲ ಮುಂಜಾನೆ ನಿನಗೆ ನೆನಪಿದೆಯೇ? ಸ್ನಾನ ಮಾಡಿ, ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಂಡು, ಹುರುಪಿನಿಂದ ಅಡುಗೆಮನೆಯ ಹೊಸ್ತಿಲಿಗೆ ಬಂದೆ. ಅತ್ತೆ ಕೈ ಅಡ್ಡ ಹಿಡಿದರು. "ನೀ ಹೊರಗ ಕೂಡವಾ. ಇಂದಾ ಮಾಡ್ತಾಳ." ಅಷ್ಟೇ. ಆ 'ಇಂದಾ ಮಾಡ್ತಾಳ' ಎಂಬುದನ್ನು ನಾನು ಆ ಮನೆಯಲ್ಲಿ ಎಷ್ಟು ಸಲ ಕೇಳಿದೆನೋ. ಮಡಿ ಅಡುಗೆ ಇಂದಾ ಮಾಡುತ್ತಾಳೆ, ದೇವರ ನೈವೇದ್ಯ ಇಂದಾ ಮಾಡುತ್ತಾಳೆ, ಬಂದವರಿಗೆ ಎಲೆ ಇಂದಾ ಹಾಕುತ್ತಾಳೆ. ಪದ್ಮಾ ಏನು ಮಾಡುತ್ತಾಳೆ? ಪದ್ಮಾ ಜೋಳ ಹಸನು ಮಾಡುತ್ತಾಳೆ. ಇವರು ವಾಡಿಯ ರೈಲ್ವೆ ಆಫೀಸಿನಿಂದ ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ, "ವೈನಿ ಏನ ಮಾಡ್ಯಾರ ಇವತ್ತ?" ಎಂದು ಅತ್ತಿಗೆಯ ಅಡುಗೆಯನ್ನೇ ಕೇಳುತ್ತಿದ್ದರು. ಕಟ್ಟಿಕೊಂಡ ಹೆಂಡತಿ ಎದುರಿಗೆ ನಿಂತಿರುತ್ತಿದ್ದಳು, ನೀರಿನ ಚೊಂಬು ಹಿಡಿದುಕೊಂಡು.

ನಿನ್ನ ಮೈಯನ್ನು ನೋಡಿಯೂ ನಾನು ಉರಿದುಕೊಂಡವಳು. ನಾನು ಬಂದು ಮೂರು ವರ್ಷವಾಗುವಷ್ಟರಲ್ಲಿ ನೀನು ತೆಳ್ಳಗಾಗುತ್ತ ಹೋದೆ. ನಿನ್ನ ಮಗಳು ಸುಧಾ ಆಗಲೇ ಹತ್ತರ ಹತ್ತಿರದ ಹುಡುಗಿ, ಅವಳ ತಾಯಿಗೆ ಹದಿನೆಂಟರ ನಡು! ಒಬ್ಬ ಮಗನನ್ನು ಹೆತ್ತ ನನಗೆ ಕುಪ್ಪಸದ ಹೊಲಿಗೆ ಬಿಚ್ಚಿಸಬೇಕಾಗಿತ್ತು. ನೀನು ಊಟಕ್ಕೆ ಕೂತರೆ ಮಗ್ಗುಲಲ್ಲಿ ತಾಮ್ರದ ಚೊಂಬು ಬೇಕು, ತುತ್ತಿಗೊಂದು ಗುಟುಕು ನೀರು. ಹಚ್ಚಿದ ಅವಲಕ್ಕಿಯನ್ನೂ ನೀರಿಲ್ಲದೆ ನುಂಗುತ್ತಿರಲಿಲ್ಲ. ನಾನು ಅದನ್ನು ನಾಜೂಕು ಎಂದುಕೊಂಡೆ. ಮಧ್ಯಾಹ್ನ ಕಾಲು ಸೋಲುತ್ತವೆ ಎಂದು ನೀನು ಒರಗುತ್ತಿದ್ದೆ. ಅತ್ತೆ, "ಪಾಪ, ದಣದಾಳ," ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ನಾನು ದಣಿದರೆ? ನನಗೆ ಬಾಗಿಲು ಯಾರೂ ಮುಂದೆ ಮಾಡಲಿಲ್ಲ. ಹಿತ್ತಲ ಬಚ್ಚಲ ಕಲ್ಲಿಗೆ ಇರುವೆ ಮುತ್ತುತ್ತಿದ್ದವು. "ಬೆಲ್ಲದ ನೀರು ಯಾರು ಚೆಲ್ಲಿದ್ರು?" ಎಂದು ಬೈಸಿಕೊಂಡವಳೂ ನಾನೇ. ಈಗ ಒಂದೊಂದನ್ನೇ ಕೂಡಿಸಿ ನೋಡಿದರೆ ಲೆಕ್ಕ ಹೊಂದುತ್ತದೆ. ನಿನ್ನ ರೋಗದ ಒಂದೊಂದು ಗುರುತನ್ನೂ ನಾನು ಕಣ್ಣಾರೆ ಕಂಡಿದ್ದೆ. ಕಂಡು ನಿನ್ನ ಭಾಗ್ಯ ಎಂದುಕೊಂಡು ಹಲ್ಲು ಕಡಿದಿದ್ದೆ.

ಬೆಳ್ಳಿಯ ಉದ್ಧರಣೆ ಕಳೆದುಹೋದ ದಿನಕ್ಕೆ ಬರುತ್ತೇನೆ. ಎಷ್ಟು ದಿನ ಸುತ್ತಿ ಬಳಸಿದರೂ ಅಲ್ಲಿಗೇ ಬರಬೇಕು. ಮಾವನವರು ಸಂಧ್ಯಾವಂದನೆಗೆ ಬಳಸುತ್ತಿದ್ದ ಆ ಪುಟ್ಟ ಚಮಚ ಅವರು ಹೋದ ಮೇಲೆ ಅತ್ತೆಗೆ ಪ್ರಾಣ. ಏಕಾದಶಿಯ ಮರುದಿನ ದೇವರ ಮನೆಯಲ್ಲಿ ಅದು ಕಾಣಲಿಲ್ಲ. ಇಡೀ ಮನೆ ಜಾಲಾಡಿದೆವು. ಕೊನೆಗೆ ಅತ್ತೆಯ ಕಣ್ಣು ಪಾತ್ರೆ ತಿಕ್ಕುವ ಶಾಂತಮ್ಮನ ಮೇಲೆ ನಿಂತಿತು. ದೇವರ ಮನೆಯ ಹೊಸ್ತಿಲನ್ನೇ ಎಂದೂ ದಾಟದ ಹೆಂಗಸು ಅದನ್ನು ಹೇಗೆ ತೆಗೆದಾಳು ಎಂದು ಯಾರೂ ಕೇಳಲಿಲ್ಲ. ಅತ್ತೆಯ ತವರು ಕಾಳಗಿಯ ಕಡೆ. ಅಲ್ಲಿ ಕಳುವಾದರೆ ದೇವರ ಮುಂದಿಟ್ಟ ಅಕ್ಕಿಯನ್ನು ಅಗಿಸುತ್ತಿದ್ದರಂತೆ. ಸತ್ಯವಂತರ ಬಾಯಲ್ಲಿ ಅಕ್ಕಿ ಹಸಿಯಾಗುತ್ತದೆ, ಕದ್ದವರ ಬಾಯಲ್ಲಿ ಒಣ ನುಚ್ಚಾಗಿಯೇ ಉಳಿಯುತ್ತದೆ ಎಂಬ ನಂಬಿಕೆ. "ಶಾಂತಾ, ಅಕ್ಕಿ ಅಗದು ತೋರಸು. ಆಮ್ಯಾಲ ಕೆಲಸ," ಎಂದರು ಅತ್ತೆ. ಆಗ ನಡುವೆ ಬಾಯಿ ಹಾಕಿದವಳು ನೀನು. ನಿನ್ನನ್ನು ಯಾರು ಕೇಳಿದ್ದರು?

"ಅತ್ಯಾ, ಅಕಿ ಒಬ್ಬಾಕಿನೇ ಯಾಕ ಅಗೀಬೇಕು? ಮನ್ಯಾಗ ನಾವೂ ಇದ್ದೀವಲ್ಲ. ನಾ ಅಗೀತೀನಿ, ಪದ್ಮಾನೂ ಅಗೀತಾಳ."

"ಬ್ಯಾಡ್ರಿ ಅಕ್ಕೋರೆ, ನನ್ನ ಸಲುವಾಗಿ ನೀವ್ಯಾಕ್ರಿ," ಎಂದು ಶಾಂತಮ್ಮ ಕೈ ಮುಗಿದಳು. ನೀನು ಕೇಳಲಿಲ್ಲ. ಒಳ್ಳೆಯವಳೆನಿಸಿಕೊಳ್ಳುವ ಒಂದು ಅವಕಾಶವನ್ನಾದರೂ ನೀನು ಬಿಟ್ಟುಕೊಡುತ್ತಿದ್ದೆಯಾ? ನಿನ್ನ ದೊಡ್ಡತನದ ಜೊತೆ ನನ್ನನ್ನೂ ಎಳೆದೆ. ನಾನು ಕದ್ದಿರಲಿಲ್ಲ. ಆದರೂ ಹೆದರಿಕೆಗೆ ನಾಲಿಗೆ ಅಂಗುಳಕ್ಕೆ ಹತ್ತಿತು. ಒಣಗಿದರೆ ಏನು ಗತಿ? ಎಲೆ ತರುವ ನೆವದಲ್ಲಿ ಉಗ್ರಾಣಕ್ಕೆ ಹೋದೆ. ಹುಣಸೆಹಣ್ಣಿನ ಎರಡು ಚೂರು ಕಿತ್ತುಕೊಂಡೆ. ಒಂದನ್ನು ದವಡೆಯ ಸಂದಿಗೆ ಇಟ್ಟೆ, ಇನ್ನೊಂದನ್ನು ಸೆರಗಿನ ತುದಿಗೆ ಕಟ್ಟಿದೆ. ಎರಡು ಯಾಕೆ ಕಿತ್ತೆ ಎಂದು ನನಗೇ ತಿಳಿಯದು. ಒಂದು ನಿನಗೆ ಎಂದುಕೊಂಡೇ ಕಿತ್ತಿರಬೇಕು, ಅಷ್ಟು ಒಳ್ಳೆಯತನ ನನ್ನಲ್ಲೂ ಇದ್ದೀತು.

ಎಂಜಲು ಒಳಗೆ ಬೀಳಬಾರದೆಂದು ಹಿತ್ತಲಲ್ಲಿ ತುಳಸಿಕಟ್ಟೆಯಿಂದ ದೂರಕ್ಕೆ ನಿಲ್ಲಿಸಿದರು. ಮೂರು ಮುತ್ತುಗದ ಎಲೆ, ಮೂರು ಚಿಟಿಕೆ ಅಕ್ಕಿ. ನೀನು ನನ್ನ ಮಗ್ಗುಲಲ್ಲೇ ನಿಂತಿದ್ದೆ. ತುಟಿ ಸವರಿಕೊಳ್ಳುತ್ತ ನನ್ನ ಕಡೆ ತಿರುಗಿ ಮೆಲ್ಲಗೆ, "ಪದ್ಮಾ, ಬಾಯಾಗ ನೀರೇ ಇಲ್ಲಲ್ಲೇ," ಎಂದು ನಕ್ಕೆ. ಕೈ ಚಾಚಿದ್ದರೆ ಸಾಕಿತ್ತು, ಸೆರಗಿನ ಗಂಟು ಬಿಚ್ಚಿದ್ದರೆ ಸಾಕಿತ್ತು. ಅತ್ತೆ ಆಗ ಶಾಂತಮ್ಮನಿಗೆ ಅಕ್ಕಿ ಕೊಡುತ್ತಿದ್ದರು, ನಮ್ಮ ಕಡೆ ನೋಡುತ್ತಿರಲಿಲ್ಲ. ನಾನು ನಿನ್ನ ನಗುವನ್ನು ನೋಡಿದೆ. ಈ ಹೊತ್ತಿನಲ್ಲೂ ನಗುತ್ತಾಳಲ್ಲ, ತನಗೇನೂ ಆಗದು ಎಂಬ ಸೊಕ್ಕಲ್ಲವೇ ಎನಿಸಿತು. ಒಂದು ದಿನವಾದರೂ ಇವಳ ಮುಖ ಬಾಡಲಿ ಎನಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎಲೆಅಡಿಕೆ ಹಾಕುವ ಶಾಂತಮ್ಮನ ಅಕ್ಕಿ ಹಸಿಯಾಗಿ ಬಿತ್ತು. ನನ್ನದು ಹಿಟ್ಟಿನ ಮುದ್ದೆಯಂತೆ ಬಿತ್ತು. ನೀನು ಅಗಿದೆ, ಅಗಿದೆ, ಕಣ್ಣಲ್ಲಿ ನೀರು ಬರುವವರೆಗೆ ಅಗಿದೆ. ಉಗುಳಿದರೆ ಬೀಸುಕಲ್ಲಿನಿಂದ ಉದುರಿದಂಥ ಒಣ ನುಚ್ಚು. ಗಾಳಿಗೆ ಎಲೆಯ ಮೇಲಿಂದ ಹಾರಿತು. ಅತ್ತೆ ಬಗ್ಗಿ ಎಲೆ ನೋಡಿದರು. "ಸಾಕು. ಎಲ್ಲಾರೂ ಒಳಗ ನಡೀರಿ," ಎಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ಮುಂಜಾನೆ ನೀನು ಮಡಿಯುಟ್ಟು ಅಡುಗೆಮನೆಯ ಹೊಸ್ತಿಲಿಗೆ ಬಂದಾಗ ಅದೇ ಕೈ ಅಡ್ಡ ಹಿಡಿದರು. "ನೀ ಹೊರಗ ಕೂಡು. ಪದ್ಮಾ ಮಾಡ್ತಾಳ." ಸುಳ್ಳು ಯಾಕೆ ಹೇಳಲಿ ಇಂದಕ್ಕಾ, ಆ ದಿನ ನನ್ನ ಕೈಯ ಅಡುಗೆ ಎಂದೂ ಇಲ್ಲದಷ್ಟು ರುಚಿಯಾಗಿತ್ತು.

ಅಂದಿನಿಂದ ನೀನು ಯಾರೆದುರೂ ನೀರು ಕುಡಿಯಲಿಲ್ಲ. ಬಾಯಿ ಒಣಗಿತು ಎಂದರೆ ಕಳ್ಳತನ ಒಪ್ಪಿಕೊಂಡಂತೆ ಅಲ್ಲವೇ? ಚೊಂಬು ನಿನ್ನ ಮಗ್ಗುಲಿಂದ ಮಾಯವಾಯಿತು. ಹಿತ್ತಲ ಹಂಡೆಯ ಹಿಂದೆ ನಿಂತು ಕದ್ದು ಗಟಗಟ ಕುಡಿಯುವುದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ಆರು ತಿಂಗಳಿಗೆ ನಿರ್ಮಾಲ್ಯದ ಗುಂಡಿ ಬಗೆಯುವಾಗ ಶಾಂತಮ್ಮನಿಗೆ ಉದ್ಧರಣೆ ಸಿಕ್ಕಿತು. ಬಾಡಿದ ಹೂವಿನ ಜೊತೆ ಅತ್ತೆಯ ಕೈಯಿಂದಲೇ ಹೋಗಿರಬೇಕು. ಅತ್ತೆ ಅದನ್ನು ತೊಳೆದು ದೇವರ ಮುಂದಿಟ್ಟು, "ಹೆದರಿ ಅಲ್ಲೊಗದಾಳ," ಎಂದುಬಿಟ್ಟರು. ನೀನು ಕೇಳಿಸಿಕೊಂಡೆ. ನಾನೂ ಕೇಳಿಸಿಕೊಂಡೆ. ನೀನಾದರೂ ಒಂದು ಸಲ ಜಗಳ ತೆಗೆಯಬಾರದಿತ್ತೇ?

ಮೂರ್ನಾಲ್ಕು ವರ್ಷದ ಮೇಲೆ ನಿನ್ನ ಕಾಲಿಗೆ ಫರಸಿಯ ಚೂರು ತಾಗಿ ಗಾಯವಾಯಿತು. ಮಾಯಲೇ ಇಲ್ಲ. ಅರಿಸಿನ ಹಚ್ಚಿದೆವು, ಸೊಪ್ಪು ಕಟ್ಟಿದೆವು. ಗುಲ್ಬರ್ಗದ ಆಸ್ಪತ್ರೆಗೆ ಒಯ್ದಾಗ, "ಸಕ್ಕರಿ ಬ್ಯಾನಿ ಎಷ್ಟು ವರ್ಷದಿಂದ ಅದ್ರಿ?" ಎಂದು ಡಾಕ್ಟರು ಕೇಳಿದರು. ನಿನ್ನ ಗಂಡ ಭಾವನವರು, "ಸಕ್ಕರಿ ಬ್ಯಾನಿನಾ?" ಎಂದರು. ಸಾಲೆಯಲ್ಲಿ ಊರ ಮಕ್ಕಳಿಗೆಲ್ಲ ಪಾಠ ಹೇಳುವ ಮನುಷ್ಯನಿಗೆ ಮನೆಯ ಬ್ಯಾನಿ ಗೊತ್ತಿರಲಿಲ್ಲ. ಗಾಯದ ವಿಷ ಮೈಗೇರಿತ್ತು. ಹನ್ನೊಂದನೇ ದಿನ ನೀನು ಹೋದೆ. ಊರಿಗೆ ಊರೇ ಬಂದು ಅತ್ತಿತು, ಶಾಂತಮ್ಮ ಮೂರು ದಿನ ಉಣ್ಣಲಿಲ್ಲ. ಆ ಗುಂಪನ್ನು ನೋಡಿ, ನಾನು ಸತ್ತರೆ ಇಷ್ಟು ಜನ ಬರುವರೇ ಎಂದು ಲೆಕ್ಕ ಹಾಕಿದ ನೀಚಳು ನಾನು.

ಆಮೇಲೆ ನನಗೊಂದು ಸಿಕ್ಕಿತು. ನಿನ್ನ ಸುಧಾ. ನೀನು ಹೋದಾಗ ಅವಳಿಗೆ ಹದಿನೈದು. ಇವರಿಗೆ ಶಹಾಬಾದಿಗೆ ವರ್ಗವಾದಾಗ ಭಾವನವರು ಅವಳನ್ನು ನಮ್ಮ ಜೊತೆ ಕಳಿಸಿದರು. ಚಿಕ್ಕಪ್ಪನ ಹೆಂಡತಿಯೆಂದು ಕಾಕು, ಕಾಕು ಎನ್ನುತ್ತ ದೂರ ನಿಲ್ಲುತ್ತಿದ್ದ ಹುಡುಗಿ ಒಂದು ದಿನ ಜ್ವರದಲ್ಲಿ ನನ್ನ ಕೈ ಹಿಡಿದು, "ಅವ್ವಾ," ಎಂದಳು. ಜ್ವರ ಬಿಟ್ಟ ಮೇಲೂ ಹಾಗೇ ಕರೆದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಕರೆದಾಗಲೂ ಅಷ್ಟು ಹಿಗ್ಗಿದವಳಲ್ಲ. ಇಂದಕ್ಕನದೊಂದು ಕೊನೆಗೂ ನನ್ನದಾಯಿತು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವಳು ಟಿ.ಸಿ.ಎಚ್. ಮುಗಿಸಿದಳು, ಚಿಂಚೋಳಿಯಲ್ಲಿ ಸಾಲೆ ಟೀಚರಾದಳು, ಅಲ್ಲೇ ಮದುವೆಯೂ ಆಯಿತು. ರಜೆ ಬಂದರೆ ಮೊದಲು ಬರುವುದು ನನ್ನ ಮನೆಗೆ. ಅತ್ತೆ ನಾಲ್ಕು ವರ್ಷದ ಹಿಂದೆ ಹೋದರು. ಅಕ್ಕಿಯ ಮಾತನ್ನು ಕೊನೆಯವರೆಗೂ ಎತ್ತಲಿಲ್ಲ.

ಈ ಸಲದ ದೀಪಾವಳಿಗೆ ಮುಂಚೆ ನನ್ನ ದವಡೆಯ ಹಲ್ಲು ಅಲುಗಾಡತೊಡಗಿತು, ಬಾಯೆಲ್ಲ ಉರಿ. ಪೇಟೆಯಲ್ಲಿ ಹಲ್ಲಿನ ಡಾಕ್ಟರಮ್ಮ ಹೊಸದಾಗಿ ದವಾಖಾನೆ ಇಟ್ಟಿದ್ದಾಳೆ. ಹೋದರೆ ನನ್ನ ಮುಂದೆ ಫರಸಿ ಗಣಿಯ ಕೆಲಸದವನೊಬ್ಬ ಕೂತಿದ್ದ. "ಮೂರ ಬೆರಳ ಬಾಯಾಗ ಹೋಗ್ತಾವೇನು ನೋಡ್ರಿ," ಎಂದಳು ಅವಳು. ಗುಟ್ಕಾ ತಿಂದು ತಿಂದು ಅವನ ಬಾಯಿ ಎರಡು ಬೆರಳಿಗೇ ನಿಂತುಹೋಗಿತ್ತು. ಅವನಿಗೆ ಚೀಟಿ ಬರೆದು ಗುಲ್ಬರ್ಗಕ್ಕೆ ಕಳಿಸಿ, ನನ್ನ ಬಾಯಿ ನೋಡಿದಳು. ಕನ್ನಡಿಯ ಕಡ್ಡಿ ಕೆನ್ನೆಯ ಒಳಗೆ ಅಂಟಿಕೊಂಡಿತು. ಮೋರೆ ಸಣ್ಣದು ಮಾಡಿ ಒಂದು ಪುಟ್ಟ ಬಾಟಲಿ ಕೈಗಿಟ್ಟಳು.

"ತಲಿ ಬಗ್ಗಿಸಿ ಕುಂದ್ರಿ ಅವ್ವಾರೆ. ನುಂಗಬ್ಯಾಡ್ರಿ. ಉಗುಳು ತಾನ ಬಂದಷ್ಟು ಇದರಾಗ ಬೀಳಲಿ."

ನಮ್ಮ ಮನೆಯಲ್ಲಿ ಎಂಜಲು ಎಂದರೆ ಏನೆಂದು ನಿನಗೆ ಹೇಳಬೇಕೇ? ಲೋಟಕ್ಕೆ ತುಟಿ ತಾಗದಂತೆ ಎತ್ತಿ ಕುಡಿದು ಬೆಳೆದವರು ನಾವು. ಪರರ ಎದುರಿಗೆ ಜೊಲ್ಲು ಸುರಿಸುತ್ತ ಕೂತೆ, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಐದು ನಿಮಿಷಕ್ಕೆ ಬಾಟಲಿಯ ತಳ ಒದ್ದೆಯಾದದ್ದಷ್ಟೇ. "ಭಾಳ ಕಡಿಮಿ ಅದ್ರಿ. ಸಕ್ಕರಿ ತೋರ್ಸೀರೇನು ಯಾವಾಗರೆ?" ಎಂದಳು. ಹಲ್ಲು ನೋವು ಎಂದು ಬಂದರೆ ಸಕ್ಕರೆ ಎನ್ನುತ್ತಾಳಲ್ಲ ಎಂದು ನಾನು ರೇಗಿದೆ. ಅವಳು ಸಿಟ್ಟಾಗಲಿಲ್ಲ.

"ರಕ್ತದಾಗಿಂದು ಥೋಡೆ ಥೋಡೆ ಉಗುಳಿನ್ಯಾಗೂ ಇಳೀತದ್ರಿ. ದೊಡ್ಡ ಊರಾಗ ಉಗುಳು ನೋಡೇ ಬಾಯಿ ಕ್ಯಾನ್ಸರು, ಸಕ್ಕರಿ, ಇನ್ನೂ ಏನೇನೋ ಬ್ಯಾನಿ ಮೊದಲೇ ಹಿಡೀಲಿಕ್ಕೆ ಬರ್ತದೇನು ಅಂತ ಹುಡುಕ್ಲಿಕತ್ತಾರ. ನಮ್ಮಲ್ಲಿ ಅಂಥಾ ಮಷೀನ ಇಲ್ಲ. ಆದ್ರ ಬಾಯಿ ಒಣಗಿದ್ದು ಕಣ್ಣಿಗೆ ಕಾಣ್ತದಲ್ರಿ. ಅದು ಒಂದು ಸುಳಿವು. ಖರೇ ಏನದ ಅಂತ ರಕ್ತ ತೆಗಿಸೇ ನೋಡಬೇಕು."

ನಾನು ಬಾಟಲಿಯನ್ನೇ ನೋಡುತ್ತ ಕೇಳಿದೆ. "ಕಳ್ಳರ ಬಾಯಿ ಒಣಗ್ತದ ಅಂತಾರಲ್ರಿ?"

"ಹೆದರಿದವ್ರದು ಒಣಗ್ತದ, ಬ್ಯಾನಿ ಇದ್ದವ್ರದು ಒಣಗ್ತದ. ಕದ್ದವರು ಯಾರು ಅಂತ ಬಾಯಿಗೇನ್ ಗೊತ್ತ್ರೀ?" ಎಂದು ನಕ್ಕಳು.

ಮೆಟ್ಟಿಲಿಳಿದು ಬಂದು ಬೀದಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ದಿನ ಮುತ್ತುಗದ ಎಲೆಯ ಮೇಲೆ ನಿನ್ನ ಬಾಯಿ ಎಲ್ಲವನ್ನೂ ಹೇಳಿತ್ತು. ಆರೇಳು ಕಣ್ಣು ಅದನ್ನು ನೋಡಿದ್ದವು. ಓದಲು ಬರುವವರು ಒಬ್ಬರಾದರೂ ಇದ್ದಿದ್ದರೆ… ನಾನಾದರೂ ಎರಡನೇ ಚೂರು ಕೊಟ್ಟಿದ್ದರೆ ನೀನು ಕಳ್ಳಿಯಾಗುತ್ತಿರಲಿಲ್ಲ. ಯಾರೆದುರೂ ಧೈರ್ಯವಾಗಿ ನೀರು ಕುಡಿಯುತ್ತಿದ್ದೆ. ಇವಳಿಗೆ ಇಷ್ಟು ಬಾಯಾರಿಕೆ ಯಾಕೆ ಎಂದು ಎಂದಾದರೂ, ಯಾರಾದರೂ ಕೇಳುತ್ತಿದ್ದರು. ರಕ್ತ ತೆಗೆಸಿದೆ. ನನಗೂ ಸಕ್ಕರೆ, ಈಗಷ್ಟೇ ಶುರು, ಗುಳಿಗೆ ಮತ್ತು ಪಥ್ಯದಲ್ಲಿ ಹತೋಟಿಗೆ ಬರುತ್ತದಂತೆ. ಜನ್ಮದಲ್ಲಿ ಮೊದಲ ಸಲ ನಿನಗಿಂತ ಹೆಚ್ಚಿನ ಪಾಲು, ಆಯುಷ್ಯದ ಪಾಲು, ನನಗೆ ಬಂದಿತ್ತು. ಅದು ರುಚಿಸಲಿಲ್ಲ.

ದೀಪಾವಳಿಗೆ ಸುಧಾ ಬಂದಳು. ಅವಳು ಯಾವತ್ತೂ ಪಂಕ್ತಿಯಲ್ಲಿ ನೀರು ಕುಡಿಯುವವಳಲ್ಲ. ಅದನ್ನು ಶಿಸ್ತು ಎಂದುಕೊಂಡಿದ್ದೆ. ಈ ಸಲ ಸರಿಯಾಗಿ ನೋಡಿದೆ. ಜೋಳದ ಭಕ್ರಿಯನ್ನು ಸಾರಿನಲ್ಲಿ ಮುಳುಗಿಸಿ ಮುಳುಗಿಸಿ ನುಂಗಿದಳು. ಎಲ್ಲರೂ ಕೈ ತೊಳೆಯಲು ಎದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿಂತು ಎರಡು ಚೊಂಬು ಒಂದೇ ಉಸಿರಿಗೆ ಕುಡಿದಳು. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಡಾಕ್ಟರಮ್ಮನ ಹತ್ತಿರ ಬಾ, ಉಗುಳು ನೋಡುತ್ತಾಳೆ, ರಕ್ತವನ್ನೂ ತೆಗೆಸೋಣ ಎಂದೆ. ಅವಳ ಮುಖ ಕೆಂಪಾಯಿತು.

"ಉಗುಳು ನೋಡಿ ನಮ್ಮವ್ವನ್ನ ಕಳ್ಳಿ ಮಾಡಿದ್ದು ಸಾಲಲಿಲ್ಲೇನು? ನಾ ತುಳಸಿಕಟ್ಟಿ ಹಿಂದ ನಿಂತಿದ್ದೆ ಅವ್ವಾ. ಎಲ್ಲಾ ನೋಡೀನಿ."

ಹತ್ತು ವರ್ಷದ ಕೂಸು ಅಲ್ಲಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ದನಿ ಇಳಿಸಿ, "ಒಂದ ಮಾತು ಕೇಳ್ತೀನಿ. ಅಕಿ ಖರೇನೇ ತೊಗೊಂಡಿದ್ಲೇನು?" ಎಂದಳು. ಹೆತ್ತ ಮಗಳು ಇಷ್ಟು ವರ್ಷ ಆ ಪ್ರಶ್ನೆಯನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡಿದ್ದಾಳೆ, ಇಂದಕ್ಕಾ. ಇಲ್ಲ, ಅದು ರೋಗ, ಅವಳಿಗೆ ಆಗಲೇ ಸಕ್ಕರೆ ಇತ್ತು, ಬಾಯಿ ಅದಕ್ಕೇ ಒಣಗಿತ್ತು, ಹೆದರಿದರೂ ಬಾಯಿ ಒಣಗುತ್ತದೆ, ಅದಕ್ಕೂ ಕಳವಿಗೂ ಸಂಬಂಧವಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವ ಆಸೆಯೇ ಇತ್ತು. ಆದರೆ ಅವಳು ನಿನ್ನ ಮಗಳು, ಸಾಲೆ ಟೀಚರು ಬೇರೆ.

"ಹೆದರಿದ್ರೂ ಒಣಗ್ತದ ಅಂದಿ. ನೀನೂ ಹೆದರಿರ್ಬೇಕಲ್ಲ? ನಿಂದು ಹೆಂಗ ಹಸಿ ಆತು?"

ಹೇಳಿದೆ. ಉಗ್ರಾಣ, ಹುಣಸೆ, ದವಡೆ, ಸೆರಗು, ಎಲ್ಲ ಹೇಳಿದೆ. ಬಾಯಲ್ಲಿ ನೀರಿಲ್ಲ ಎಂದು ನೀನು ನನಗೆ ಹೇಳಿ ನಕ್ಕದ್ದನ್ನೂ ಹೇಳಿದೆ.

"ಇನ್ನೊಂದು ಚೂರು ಸೆರಗಿನ್ಯಾಗ ಇತ್ತು?"

"ಇತ್ತು."

"ಆಮ್ಯಾಲ ಅದನ್ನ ಏನ್ ಮಾಡಿದಿ?"

"ತಿಂದೆ," ಎಂದೆ. ಅದು ನಿಜ. ಅಂದೇ ಮಧ್ಯಾಹ್ನ, ಉಪ್ಪು ಹಚ್ಚಿಕೊಂಡು ತಿಂದಿದ್ದೆ.

ಮರುದಿನ ಮೊದಲ ಬಸ್ಸಿಗೆ ಅವಳು ಚಿಂಚೋಳಿಗೆ ಹೋದಳು. ಹೋಗುವಾಗ ಕಾಲಿಗೆ ನಮಸ್ಕರಿಸಿದಳು, ಮುಖ ನೋಡಲಿಲ್ಲ. ಇಪ್ಪತ್ತು ದಿನ ಫೋನಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಇವರು, "ಏನಾತು ತಾಯಿ ಮಗಳಿಗೆ?" ಎಂದು ಕೇಳಿದಾಗಲೆಲ್ಲ ನಾನು ಪಾತ್ರೆ ಸದ್ದು ಮಾಡಿದೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಗೋಡೆಯ ಮೇಲಿನ ನಿನ್ನ ಫೋಟೋಕ್ಕೆ ಎರಡು ದಿನ ಹೂವೇ ಏರಿಸಲಿಲ್ಲ. ಇದ್ದಾಗ ಎಲ್ಲವನ್ನೂ ನೀನೇ ತೆಗೆದುಕೊಂಡೆ, ಸತ್ತ ಮೇಲೆ ಇದೊಂದನ್ನು ನನಗೆ ಬಿಟ್ಟಿದ್ದೆ, ಅದನ್ನೂ ಬೇಕೆಂದೆಯಲ್ಲ.

ಇವತ್ತು ಮುಂಜಾನೆ ಫೋನು ಬಂತು. ನಿನಗೆ ತಿಳಿಸಬೇಕಾದದ್ದು ಇದೇ. ಸುಧಾ ತಾನೇ ಹೋಗಿ ರಕ್ತ ತೆಗೆಸಿದ್ದಾಳೆ. "ಸಕ್ಕರಿ ಶುರು ಆಗೇದಂತ. ಜಲ್ದಿ ಗೊತ್ತಾಗಿದ್ದು ಛಲೋ ಆತು ಅಂದ್ರು ಡಾಕ್ಟರ್ರು. ಕಣ್ಣು, ಕಿಡ್ನಿ, ಕಾಲು, ಯಾವುದಕ್ಕೂ ಇನ್ನಾ ಏನೂ ಆಗಿಲ್ಲ," ಎಂದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅವಳು ಮುಂದೆ ಹೇಳಿದಳು. "ನಮ್ಮವ್ವನ ಬರೋ ತಿಥಿಗೆ ಸೇಡಂಗೆ ಬಾ. ನಮ್ಮಪ್ಪನ ಮುಂದ, ಶಾಂತಮ್ಮನ ಮುಂದ, ನಮ್ಮವ್ವ ಕದ್ದಿಲ್ಲ ಅಂತ ನೀನೇ ಹೇಳಬೇಕು. ಬರ್ತೀ ಅಲ್ಲ, ಕಾಕು?"

ಬರುತ್ತೇನೆ ಎಂದೆ. ನಿನಗೂ ಮಾತು ಕೊಡುತ್ತೇನೆ, ಬಂದು ಹೇಳುತ್ತೇನೆ, ಹುಣಸೆಯ ಮಾತನ್ನೂ ಬಿಡದೆ ಹೇಳುತ್ತೇನೆ. ನಿನ್ನ ಮಗಳನ್ನು ತಿಂಗಳು ತಿಂಗಳು ಪರೀಕ್ಷೆಗೆ ಕಳಿಸುತ್ತೇನೆ, ಗುಳಿಗೆ ತಪ್ಪಿಸಿದರೆ ಚಿಂಚೋಳಿಗೇ ಹೋಗಿ ಬೈಯುತ್ತೇನೆ, ಮುಖ ತಿರುಗಿಸಿದರೂ ಬೈಯುತ್ತೇನೆ. ಆದರೆ ಕೇಳಿಸಿಕೊಂಡೆಯಾ ಇಂದಕ್ಕಾ? ಅಷ್ಟು ವರ್ಷದ ಮೇಲೆ ನಾನು ಮತ್ತೆ ಕಾಕು. ಅವಳು ಇನ್ನು ಅವ್ವಾ ಎಂದರೆ ಅದು ನೀನೊಬ್ಬಳೇ.

ಹೊಟ್ಟೆ ಉರಿಯುತ್ತಿದೆ. ಅವಳು ಬದುಕುತ್ತಾಳೆ.

ನಿನ್ನ
ಪದ್ಮಾ